ನಮ್ಮ ಬಾಳು, ಇಂಗ್ಲಿಷಿನ ಡಾಕ್ಟರೇಟು: ಕನ್ನಡದ ಪಾಲು ಎಲ್ಲಿ?



ಬೆಂಗಳೂರಿನ ಬಾಡಿಗೆ ಕೋಣೆಯಲ್ಲಿ, ಹುಬ್ಬಳ್ಳಿಯ ಹಾಸ್ಟೆಲಿನಲ್ಲಿ, ಬೆಳಗಾವಿಯ ಗ್ರಂಥಾಲಯದಲ್ಲಿ ಕುಳಿತು ವಿದೇಶಿ ವಿಶ್ವವಿದ್ಯಾಲಯಗಳ ಅರ್ಜಿ ತುಂಬುತ್ತಿರುವವರೇ, ಈ ಮಾತು ನಿಮಗೆ. ಇಂಗ್ಲಿಷ್ ಪರೀಕ್ಷೆಗೆ ದುಡ್ಡು ಕಟ್ಟಿದ್ದೀರಿ. ಪ್ರೊಫೆಸರರಿಗೆ ಪತ್ರ ಬರೆದಿದ್ದೀರಿ. ಬೇಕಾಗಿರುವುದು 'ಅಂತರರಾಷ್ಟ್ರೀಯ ಅಭಿವೃದ್ಧಿ' ಎಂಬ ವಿಷಯದಲ್ಲಿ ಡಾಕ್ಟರೇಟು. ಹೋಗಿ! ಧೈರ್ಯವಾಗಿ ಹೋಗಿ! ಚಿಕ್ಕೋಡಿಯ, ರಾಯಬಾಗದ, ಅಥಣಿಯ ಹುಡುಗ ಹುಡುಗಿಯರು ಲಂಡನ್ನಿಗೆ, ಹೇಗ್‌ಗೆ ಹೋಗಬಾರದು ಎನ್ನಲು ನಾನು ಯಾರು? ನಾನು ಪಿ.ಯು.ಸಿ. ಓದಿ ಪ್ರೆಸ್ಸು ಹಾಕಿದವನು. ಲಗ್ನಪತ್ರಿಕೆ, ಬಿಲ್ ಬುಕ್ಕು, ಚುನಾವಣೆಯ ಕರಪತ್ರ ಅಚ್ಚು ಹಾಕುವವನು.

ಆದರೆ ಒಂದು ಲೆಕ್ಕ ಕೇಳುವ ಹಕ್ಕು ನನಗಿದೆ. ನಮ್ಮ ಊರಿನ ಬಡತನ, ನಮ್ಮ ಹೊಳೆಯ ಪ್ರವಾಹ, ನಮ್ಮ ಹೆಣ್ಣುಮಕ್ಕಳ ಕೂಲಿ, ಇವೆಲ್ಲ ಇಂಗ್ಲಿಷಿನಲ್ಲಿ ಡಾಕ್ಟರೇಟಾಗಿ ಹೋದ ಮೇಲೆ ಕನ್ನಡಕ್ಕೆ ಮರಳಿ ಬರುವುದೇನು? ಇದಕ್ಕೆ ಉತ್ತರ ಕೊಟ್ಟು ವಿಮಾನ ಹತ್ತಿ!

'ಫೀಲ್ಡ್' ಎಂದರೆ ಯಾರ ಹೊಲ?

ಅಂತರರಾಷ್ಟ್ರೀಯ ಅಭಿವೃದ್ಧಿ ಎಂದರೆ ಏನೋ ಆಕಾಶದ ವಿದ್ಯೆ ಎಂದು ತಿಳಿಯಬೇಡಿ. ಬಡ ದೇಶಗಳ ಜನ ಏಕೆ ಬಡವರಾಗಿಯೇ ಉಳಿದರು, ನೀರು ಯಾರಿಗೆ ಹೋಯಿತು, ಸಾಲ ಯಾರು ಕೊಟ್ಟರು, ಕೂಲಿ ಯಾರು ನುಂಗಿದರು, ಹಳ್ಳಿ ಬಿಟ್ಟು ಜನ ಎಲ್ಲಿಗೆ ಗುಳೆ ಹೋದರು ಎಂಬುದನ್ನು ಅಭ್ಯಾಸ ಮಾಡುವ ಶಾಸ್ತ್ರ ಅದು. ಇದಕ್ಕೆ ಹೆಸರಾದ ಸಂಸ್ಥೆಗಳು ಇರುವುದು ಮಾತ್ರ ಶ್ರೀಮಂತ ದೇಶಗಳಲ್ಲಿ. ನೆದರ್ಲೆಂಡ್ಸ್ ದೇಶದ ಹೇಗ್ ನಗರದ ಸಂಸ್ಥೆ 1952ರಲ್ಲಿ ಶುರುವಾಯಿತು. ಬ್ರಿಟನ್ನಿನ ಸಸೆಕ್ಸ್‌ನ ಸಂಸ್ಥೆ 1966ರಲ್ಲಿ. ಡಚ್ಚರ ನೆಲದಲ್ಲಿದ್ದರೂ ಹೇಗ್ ಸಂಸ್ಥೆಯ ಪಾಠ ಇಂಗ್ಲಿಷಿನಲ್ಲೇ. ಏಕೆಂದರೆ ಅಲ್ಲಿ ಕಲಿಯಲು ಬರುವವರು ಆಫ್ರಿಕಾದಿಂದ, ಏಷ್ಯಾದಿಂದ, ಲ್ಯಾಟಿನ್ ಅಮೆರಿಕದಿಂದ ಬಂದ ನಿಮ್ಮಂಥ ಪರದೇಶಿ ವಿದ್ಯಾರ್ಥಿಗಳು.

ಅಲ್ಲಿ ಸಾಮಾನ್ಯವಾಗಿ ನಡೆಯುವುದು ಹೀಗೆ. ಮೊದಲ ವರ್ಷ ಓದು ಮತ್ತು ಸಂಶೋಧನೆಯ ಯೋಜನೆ. ಆಮೇಲೆ ಹಲವು ತಿಂಗಳು, ಕೆಲವೊಮ್ಮೆ ಒಂದು ವರ್ಷ 'ಫೀಲ್ಡ್'. ಮತ್ತೆ ವಾಪಸು ಹೋಗಿ ಬರವಣಿಗೆ. ಕೊನೆಗೆ ಪರೀಕ್ಷಕರ ಮುಂದೆ ಮೌಖಿಕ ಪರೀಕ್ಷೆ. ಈ 'ಫೀಲ್ಡ್' ಎಂದರೆ ಯಾವುದು ಗೊತ್ತೇ? ನಿಮ್ಮಪ್ಪನ ಕಬ್ಬಿನ ಹೊಲ! ನಿಮ್ಮ ಓಣಿಯ ಚಪ್ಪಲಿ ಹೊಲಿಯುವ ಕಟ್ಟೆ! ನಿಮ್ಮವ್ವ ಬೀಡಿ ಕಟ್ಟುವ ಪಡಸಾಲೆ! ಅಲ್ಲಿಂದ ಮಾತು ತೆಗೆದುಕೊಂಡು ಹೋಗುವುದು ಕನ್ನಡದಲ್ಲಿ. ಗಡಿಯ ಊರಲ್ಲಿ ಮರಾಠಿಯಲ್ಲಿ. ಬರೆಯುವುದು ಇಂಗ್ಲಿಷಿನಲ್ಲಿ. ಓದುವವರು ಪರೀಕ್ಷಕರು. ಪದವಿ ನಿಮಗೆ. ಮಾತು ಕೊಟ್ಟವರಿಗೆ? ಒಂದು ಕಪ್ಪು ಚಹಾ, ಒಂದು ನಮಸ್ಕಾರ!

ನಿಪ್ಪಾಣಿಯನ್ನೇ ನೋಡಿ

ನಿಪ್ಪಾಣಿಯ ತಂಬಾಕಿನ ಕತೆ ಜಗತ್ತಿಗೆ ಹೊಸತಲ್ಲ. 1981ರ ಮಾರ್ಚ್‌ನಲ್ಲಿ ತಂಬಾಕು ಬೆಳೆಗಾರರು ಬೆಲೆಗಾಗಿ ಪುಣೆ-ಬೆಂಗಳೂರು ಹೆದ್ದಾರಿಯಲ್ಲೇ ಬಿಡಾರ ಹೂಡಿದರು. ಮುಂದೆ ನಿಂತವರು ಶೇತಕರಿ ಸಂಘಟನೆಯ ಶರದ್ ಜೋಶಿ. ಮೂರು ವಾರ ದಾಟಿ ರಸ್ತೆ ಬಂದ್. ಏಪ್ರಿಲ್ 6ರಂದು ಗೋಲಿಬಾರ್. ಹತ್ತಕ್ಕೂ ಹೆಚ್ಚು ರೈತರ ಹೆಣ ಬಿದ್ದವು. ಆಗ ರಾಜ್ಯದಲ್ಲಿದ್ದದ್ದು ಗುಂಡೂರಾವ್ ಸರ್ಕಾರ.

ಇದೇ ನಿಪ್ಪಾಣಿಯ ತಂಬಾಕಿನ ವಖಾರಿಗಳಲ್ಲಿ ಧೂಳು ಕುಡಿಯುತ್ತ ದುಡಿಯುತ್ತಿದ್ದ ಸಾವಿರಾರು ಹೆಣ್ಣುಮಕ್ಕಳು ಅದೇ ಕಾಲದಲ್ಲಿ ಸಂಘ ಕಟ್ಟಿದರು, ಮುಷ್ಕರ ಹೂಡಿದರು. ಅವರ ಹೋರಾಟದ ಮೇಲೆ ಯುಗಾಂತರ್ ಎಂಬ ಮಹಿಳಾ ಚಿತ್ರ ತಂಡ 1982ರಲ್ಲಿ 'ತಂಬಾಕು ಚಾಕೀಲಾ ಓಬ್ ಆಲೀ' ಎಂಬ ಸಾಕ್ಷ್ಯಚಿತ್ರ ಮಾಡಿತು. ದೀಪಾ ಧನರಾಜ್ ಆ ತಂಡದವರು. ಹೇಗ್‌ನ ಅದೇ ಸಂಸ್ಥೆಯಲ್ಲಿ ಓದಿ ಬಂದ ಮಹಾರಾಷ್ಟ್ರದ ಲೇಖಕಿ ಛಾಯಾ ದಾತಾರ್ ಈ ಹೆಣ್ಣುಮಕ್ಕಳ ಮೇಲೆ 'ವೇಜಿಂಗ್ ಚೇಂಜ್' ಎಂಬ ಇಂಗ್ಲಿಷ್ ಪುಸ್ತಕ ಬರೆದರು. 1989ರಲ್ಲಿ ದೆಹಲಿಯ ಕಾಳಿ ಫಾರ್ ವಿಮೆನ್ ಅದನ್ನು ಪ್ರಕಟಿಸಿತು. ಚಿತ್ರ ಮರಾಠಿಯಲ್ಲಿ, ಪುಸ್ತಕ ಇಂಗ್ಲಿಷಿನಲ್ಲಿ. ಇತ್ತೀಚೆಗೆ ಆ ಚಿತ್ರವನ್ನು ಜತನದಿಂದ ಡಿಜಿಟಲ್ ರೂಪಕ್ಕೆ ತಂದದ್ದು ಎಲ್ಲಿಯ ಸಂಸ್ಥೆ ಗೊತ್ತೇ? ಜರ್ಮನಿಯ ಬರ್ಲಿನ್ನಿನದು!

ಇವರನ್ನೆಲ್ಲ ನಾನು ಬೈಯುತ್ತಿಲ್ಲ. ಅವರು ದುಡಿಯುವ ತಾಯಂದಿರ ಪರವಾಗಿ ನಿಂತವರು. ಅವರಿಗೆ ಕೈ ಮುಗಿಯೋಣ. ನನ್ನ ಸಿಟ್ಟು ಬೇರೆಯವರ ಮೇಲೆ. ಕರ್ನಾಟಕದ ನೆಲದಲ್ಲಿ ಇಷ್ಟು ದೊಡ್ಡ ಚರಿತ್ರೆ ನಡೆಯಿತಲ್ಲ, ಇದರ ಒಂದು ಪ್ರತಿ ಕನ್ನಡದಲ್ಲಿ ಬೇಕು ಎಂದು ಯಾವ ಮಂತ್ರಿ ಕೇಳಿದ? ಯಾವ ಕುಲಪತಿ ಕೇಳಿದ? ನಿಮ್ಮ ತಾಲೂಕಿನ ಗ್ರಂಥಾಲಯಕ್ಕೆ ಹೋಗಿ, ನಿಪ್ಪಾಣಿಯ ವಖಾರಿಯ ಹೆಣ್ಣುಮಕ್ಕಳ ಮುಷ್ಕರದ ಬಗ್ಗೆ ಕನ್ನಡ ಪುಸ್ತಕ ಕೊಡಿ ಎಂದು ಕೇಳಿ ನೋಡಿ. ಗ್ರಂಥಪಾಲಕರ ಮುಖದ ಮೇಲೆಯೇ ಉತ್ತರ ಇರುತ್ತದೆ!

ಹಸಿ ಎಲೆ ಇಲ್ಲಿಂದ ಹೋಗುತ್ತದೆ, ಲಾಭ ಬೇರೆ ಕಡೆ ಆಗುತ್ತದೆ. ತಂಬಾಕಿನಲ್ಲೂ ಇದೇ, ಜ್ಞಾನದಲ್ಲೂ ಇದೇ!

'ನಿಮ್ಮ ಮನೆಯ ಸ್ಥಿತಿಸ್ಥಾಪಕತ್ವ ಎಷ್ಟು?'

ಭಾಷೆ ಬರೀ ಅಭಿಮಾನದ ಮಾತು ಎನ್ನುವವರಿಗೆ ಒಂದು ಸಂಗತಿ ಹೇಳುತ್ತೇನೆ. 2019ರ ಆಗಸ್ಟ್‌ನಲ್ಲಿ ಕೃಷ್ಣೆ, ದೂಧಗಂಗೆ, ವೇದಗಂಗೆ ಒಟ್ಟಿಗೇ ಉಕ್ಕಿ ನಮ್ಮ ತಾಲೂಕುಗಳ ಊರಿಗೆ ಊರೇ ನೀರಲ್ಲಿ ನಿಂತಿದ್ದು ನಿಮಗೆ ನೆನಪಿರಬೇಕು. 2021ರಲ್ಲಿ ಮತ್ತೆ ಹೊಳೆ ಬಂತು. ಆ ಮೇಲೆ ನನ್ನ ಪ್ರೆಸ್ಸಿಗೆ ಒಬ್ಬ ಸಂಶೋಧಕ ಪ್ರಶ್ನಾವಳಿ ಅಚ್ಚು ಹಾಕಿಸಲು ಬಂದ. ವಿದೇಶದಲ್ಲಿ ಡಾಕ್ಟರೇಟು ಮಾಡುತ್ತಿದ್ದ ನಮ್ಮದೇ ದೇಶದ ಹುಡುಗ. ಇಂಗ್ಲಿಷಿನಲ್ಲಿ ತಯಾರಾದ ಪ್ರಶ್ನೆಗಳನ್ನು ಕಂಪ್ಯೂಟರಿಗೆ ಕೊಟ್ಟು ಕನ್ನಡ ಮಾಡಿಸಿದ್ದ. ಪ್ರೂಫು ನೋಡುವಾಗ ನನ್ನ ಕಣ್ಣು ಒಂದು ಸಾಲಿನ ಮೇಲೆ ನಿಂತಿತು: 'ಪ್ರವಾಹದ ನಂತರ ನಿಮ್ಮ ಕುಟುಂಬದ ಸ್ಥಿತಿಸ್ಥಾಪಕತ್ವ ಎಷ್ಟು?'

ಸ್ಥಿತಿಸ್ಥಾಪಕತ್ವ! ವಿಜ್ಞಾನದ ಪಾಠದಲ್ಲಿ ರಬ್ಬರಿಗೆ, ಸ್ಪ್ರಿಂಗಿಗೆ ಹೇಳುವ ಮಾತು! ಗೋಡೆ ಕುಸಿದು, ಎಮ್ಮೆ ತೇಲಿಹೋಗಿ, ಕಾಳಜಿ ಕೇಂದ್ರದಲ್ಲಿ ಕುಳಿತು ಬಂದ ತಾಯಿಗೆ ಈ ಪ್ರಶ್ನೆ ಕೇಳಿದರೆ ಆಕೆ ಏನು ಹೇಳಬೇಕು? 'ಯಪ್ಪಾ, ಮನೀನ ಹೊಳ್ಯಾಗ ಹೋಗೈತಿ, ಇನ್ನೇನ ಹೇಳ್ಲಿ?' ಎನ್ನುತ್ತಾಳೆ. ಆ ಹುಡುಗ ಒಂದರಿಂದ ಐದರವರೆಗಿನ ಅಂಕೆಯಲ್ಲಿ ಯಾವುದೋ ಒಂದಕ್ಕೆ ಗುರುತು ಹಾಕುತ್ತಾನೆ. ಆ ಅಂಕೆ ಪ್ರಬಂಧದಲ್ಲಿ ಕೋಷ್ಟಕವಾಗುತ್ತದೆ. ಕೋಷ್ಟಕ ನೋಡಿ ಮುಂದೆ ಯಾರೋ ಯೋಜನೆ ಮಾಡುತ್ತಾರೆ. ಸುಳ್ಳಿನ ಮೇಲೆ ಸುಳ್ಳು!

ಅದನ್ನೇ ನಮ್ಮ ಭಾಷೆಯಲ್ಲಿ ಕೇಳಿ: 'ಅವ್ವಾ, ಹೊಳಿ ಇಳದ ಮ್ಯಾಲ ಮತ್ತ ಮೊದಲಿನಂಗ ಒಲಿ ಹಚ್ಚಾಕ ಎಷ್ಟ ದಿವಸ ಹಿಡೀತು? ಯಾರ ಕಡೆ ಕೈಗಡ ತಗೊಂಡ್ರಿ?' ಆಕೆ ಅರ್ಧ ಗಂಟೆ ಮಾತಾಡುತ್ತಾಳೆ. ಯಾವ ಸಂಘದ ಸಾಲ, ಯಾವ ಬಂಗಾರ ಅಡವಿಟ್ಟದ್ದು, ಪರಿಹಾರದ ಪಟ್ಟಿಯಲ್ಲಿ ಹೆಸರು ಬಿಟ್ಟವರು ಯಾರು, ಎಲ್ಲ ಹೊರಗೆ ಬರುತ್ತದೆ. ಅಭಿವೃದ್ಧಿಯ ಶಾಸ್ತ್ರ ಎಂದರೆ ಇದು. ಕನ್ನಡ ಬಿಟ್ಟರೆ ಅಭಿಮಾನ ಹೋಗುವುದು ಹಾಗಿರಲಿ, ಸತ್ಯವೇ ಕೈಗೆ ಸಿಗುವುದಿಲ್ಲ!

ಇನ್ನೊಂದು ಮಾತು. ಇಂಥ ಸಂಶೋಧಕರ ಹಿಂದೆ ಊರೂರು ಅಲೆದು ಮಾತು ಕೊಡಿಸುವ ಸ್ಥಳೀಯ ಹುಡುಗರು ಇರುತ್ತಾರಲ್ಲ, ದುಭಾಷಿಗಳು? ಬೈಕಿನ ಪೆಟ್ರೋಲು ಅವರದು, ಪರಿಚಯ ಅವರದು, ಅನುವಾದ ಅವರದು. ಪ್ರಬಂಧದಲ್ಲಿ ಅವರಿಗೆ ಸಿಗುವುದು ಕೃತಜ್ಞತೆಯ ಪುಟದಲ್ಲಿ ಅರ್ಧ ಸಾಲು. ಅದರಲ್ಲೂ ಹೆಸರು ತಪ್ಪು!

ಡಚ್ಚರು ಕೇಳುತ್ತಾರೆ, ನಾವೇಕೆ ಕೇಳಬಾರದು?

ಈಗ ಹೇಳುವುದನ್ನು ಗಮನವಿಟ್ಟು ಓದಿ. ನೆದರ್ಲೆಂಡ್ಸ್‌ನ ವಿಶ್ವವಿದ್ಯಾಲಯಗಳಲ್ಲಿ ಡಾಕ್ಟರೇಟು ಪ್ರಬಂಧವನ್ನು ಇಂಗ್ಲಿಷಿನಲ್ಲಿ ಬರೆದರೂ ಅದರಲ್ಲಿ ಡಚ್ ಭಾಷೆಯ ಸಾರಾಂಶ ಸೇರಿಸುವ ಪದ್ಧತಿ ಇದೆ. ಅಂದರೆ ನೀವು ಅಲ್ಲಿಗೆ ಹೋಗಿ ರಾಯಬಾಗದ ನೀರಾವರಿಯ ಮೇಲೋ, ಕಾಗವಾಡದ ಕಬ್ಬು ಕಡಿಯುವವರ ಮೇಲೋ ಇಂಗ್ಲಿಷಿನಲ್ಲಿ ಬರೆದರೆ, ಅದರ ಸಾರ ಡಚ್ ಓದುಗನಿಗೆ ಅವನ ಭಾಷೆಯಲ್ಲಿ ಸಿಗುತ್ತದೆ. ಕಬ್ಬು ಕಡಿದವನಿಗೆ ಅವನ ಭಾಷೆಯಲ್ಲಿ ಸಿಗುವುದಿಲ್ಲ!

ಡಚ್ ಭಾಷೆಯನ್ನು ಮನೆಮಾತಾಗಿ ಆಡುವವರು ಜಗತ್ತಿನಲ್ಲಿ ಸುಮಾರು ಎರಡೂವರೆ ಕೋಟಿ. ಕನ್ನಡ ಮಾತೃಭಾಷೆಯವರು 2011ರ ಜನಗಣತಿಯಲ್ಲೇ 4 ಕೋಟಿ 37 ಲಕ್ಷ. ಅವರಿಗಿಂತ ನಾವು ಹೆಚ್ಚು ಜನ. ಅವರಿಗಿರುವ ಹಟ ನಮಗಿಲ್ಲ, ಅಷ್ಟೇ ವ್ಯತ್ಯಾಸ. ಇಂಗ್ಲಿಷನ್ನು ಅವರು ಬಾಗಿಲಲ್ಲಿ ಕೂರಿಸಿದರು. ಮನೆಯ ಕೀಲಿ ಮಾತ್ರ ತಮ್ಮ ಸೊಂಟದಲ್ಲೇ ಇಟ್ಟುಕೊಂಡರು!

ಬಾಬಾಸಾಹೇಬರು ಹಾಕಿದ ದಾರಿ

ಪರದೇಶದಲ್ಲಿ ಇಂಗ್ಲಿಷಿನಲ್ಲಿ ಡಾಕ್ಟರೇಟು ಮಾಡಿದವರಲ್ಲಿ ಈ ನೆಲದವರೆಲ್ಲ ತಲೆಬಾಗುವ ಹೆಸರು ಡಾ. ಬಿ. ಆರ್. ಅಂಬೇಡ್ಕರ್. 1913ರಲ್ಲಿ ಬರೋಡಾದ ಸಯಾಜಿರಾವ್ ಗಾಯಕವಾಡರ ವಿದ್ಯಾರ್ಥಿ ವೇತನದಲ್ಲಿ ಅಮೆರಿಕದ ಕೊಲಂಬಿಯಾಕ್ಕೆ ಹೋದರು. ಮುಂದೆ ಲಂಡನ್ನಿನಲ್ಲಿ ರೂಪಾಯಿಯ ಸಮಸ್ಯೆಯ ಮೇಲೆ ಬರೆದು 1923ರಲ್ಲಿ ಡಿ.ಎಸ್‌ಸಿ. ಪಡೆದರು. ಪ್ರಾಂತಗಳ ಹಣಕಾಸಿನ ಮೇಲೆ ಬರೆದದ್ದಕ್ಕೆ 1927ರಲ್ಲಿ ಕೊಲಂಬಿಯಾದ ಪಿಎಚ್.ಡಿ. ಬಂತು. ಇಂದು 'ಅಭಿವೃದ್ಧಿ' ಎನ್ನುವ ಹೆಸರಿನಲ್ಲಿ ಓದುವ ವಿಷಯವೇ ಅದು: ದುಡ್ಡು ಯಾರ ಕೈಯಲ್ಲಿ, ತೆರಿಗೆ ಯಾರ ತಲೆಯ ಮೇಲೆ.

ಆದರೆ ಈ ಎರಡು ದೇಶಗಳ ಓದಿನ ನಡುವೆ ಅವರು ಏನು ಮಾಡಿದರು? 1920ರ ಜನವರಿ 31ರಂದು 'ಮೂಕನಾಯಕ' ಪತ್ರಿಕೆ ಹೊರಡಿಸಿದರು. ಯಾವ ಭಾಷೆಯಲ್ಲಿ? ತಮ್ಮ ಜನ ಆಡುವ ಮರಾಠಿಯಲ್ಲಿ! ಅದಕ್ಕೆ ಹಣ ಕೊಟ್ಟು ನೆರವಾದವರು ಕೊಲ್ಹಾಪುರದ ಶಾಹು ಮಹಾರಾಜರು. 1925ರ ಏಪ್ರಿಲ್‌ನಲ್ಲಿ ನಮ್ಮ ನಿಪ್ಪಾಣಿಯಲ್ಲೇ ನಡೆದ ಶೋಷಿತರ ಪರಿಷತ್ತಿಗೆ ಬಂದರು. 1927ರಲ್ಲಿ 'ಬಹಿಷ್ಕೃತ ಭಾರತ' ಶುರು ಮಾಡಿದರು. ಪರೀಕ್ಷಕರಿಗೆ ಇಂಗ್ಲಿಷ್, ಜನರಿಗೆ ಜನರ ಭಾಷೆ! ಆ ಮನುಷ್ಯ ಎರಡನ್ನೂ ಒಟ್ಟಿಗೆ ಹೊತ್ತರು. ಬಾಬಾಸಾಹೇಬರ ಫೋಟೋ ಇಟ್ಟುಕೊಂಡು ವಿದೇಶಕ್ಕೆ ಹೋಗುವ ತಮ್ಮಂದಿರೇ, ತಂಗಿಯರೇ, ಅವರ ಎರಡನೆಯ ಕೆಲಸವನ್ನು ಯಾರು ಮಾಡಬೇಕು?

ಇಂಗ್ಲಿಷ್ ಕಲಿತವನು ಕನ್ನಡದ ವೈರಿ ಎಂದು ನಾವು ಎಂದೂ ಹೇಳಿಲ್ಲ. ಕನ್ನಡಕ್ಕೆ ಶಾಲೆಯಲ್ಲಿ ಮೊದಲ ಮಣೆ ಸಿಗಬೇಕೆಂದು 1981ರಲ್ಲಿ ವರದಿ ಕೊಟ್ಟ ವಿ. ಕೃ. ಗೋಕಾಕರು ಆಕ್ಸ್‌ಫರ್ಡಿನಲ್ಲಿ ಇಂಗ್ಲಿಷ್ ಸಾಹಿತ್ಯ ಓದಿ ಬಂದವರು. ಆ ವರದಿಗಾಗಿ 1982ರಲ್ಲಿ ಇಡೀ ನಾಡು ಬೀದಿಗಿಳಿಯಿತು.

ಚಪ್ಪಲಿ ಮಿಲಾನಿಗೆ ಹೋಗಬಹುದು, ಚಪ್ಪಲಿಯ ಕತೆ ಹೋಗಬಾರದೇ?

ಅಥಣಿ, ನಿಪ್ಪಾಣಿ, ಚಿಕ್ಕೋಡಿ, ರಾಯಬಾಗಗಳ ಚಮ್ಮಾರ ಬಂಧುಗಳು ಹೊಲಿದ ಚಪ್ಪಲಿ 'ಕೊಲ್ಹಾಪುರಿ' ಎಂಬ ಹೆಸರಿನಲ್ಲಿ ಜಗತ್ತು ಸುತ್ತುತ್ತದೆ. 2019ರಲ್ಲಿ ಸಿಕ್ಕ ಭೌಗೋಳಿಕ ಗುರುತು ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ಕರ್ನಾಟಕದ ನಾಲ್ಕು ಜಿಲ್ಲೆಗಳಿಗೂ ಸೇರಿದ್ದು. ಅದರಲ್ಲಿ ಬೆಳಗಾವಿಯೂ ಒಂದು. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನಿನ ಮೇಳದಲ್ಲಿ ಅದೇ ಬಗೆಯ ಚಪ್ಪಲಿ ತೋರಿಸಿತು. ಮೂಲ ಎಲ್ಲಿಯದು ಎಂದು ಮೊದಲು ಹೇಳಲೂ ಇಲ್ಲ. ಗಲಾಟೆಯಾದ ಮೇಲೆ ಒಪ್ಪಿಕೊಂಡಿತು.

ಈಗ ಸರ್ಕಾರದ ಮಾತು ಕೇಳಿ. ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿ ವೇತನ 1954-55ರಿಂದ ಇದೆ. ವರ್ಷಕ್ಕೆ ಬರೀ 125 ಜನರಿಗೆ. ಪರಿಶಿಷ್ಟ ಜಾತಿ, ಅಲೆಮಾರಿ ಸಮುದಾಯ, ಭೂಹೀನ ಕೃಷಿ ಕೂಲಿಕಾರರು, ಸಾಂಪ್ರದಾಯಿಕ ಕುಶಲಕರ್ಮಿಗಳ ಮಕ್ಕಳಿಗಾಗಿ ಇರುವ ಯೋಜನೆ. ಅಥಣಿಯ ಚಪ್ಪಲಿ ಹೊಲಿಯುವವನ ಮಗಳು ಅರ್ಜಿ ಹಾಕಬಹುದು. ಆದರೆ 2022ರಲ್ಲಿ ಹೊಸ ಷರತ್ತು ಸೇರಿಸಿದರು: ಭಾರತದ ಸಂಸ್ಕೃತಿ, ಪರಂಪರೆ, ಇತಿಹಾಸ, ಭಾರತದ ಸಾಮಾಜಿಕ ಅಧ್ಯಯನದ ವಿಷಯಗಳಿಗೆ ಈ ವೇತನ ಇಲ್ಲ! ಅಂದರೆ ಆ ಮಗಳು ಘಾನಾ ದೇಶದ ಚರ್ಮೋದ್ಯಮದ ಮೇಲೆ ಸಂಶೋಧನೆ ಮಾಡಬಹುದು. ತನ್ನಪ್ಪನ ಕೈಯ ಬೊಬ್ಬೆಗಳ ಮೇಲೆ ಮಾಡುವಂತಿಲ್ಲ. ದೇಶದ ವಿಷಯ ದೇಶದಲ್ಲೇ ಓದಬಹುದಲ್ಲ ಎಂಬುದು ಅಧಿಕಾರಿಗಳ ವಾದ. ಹಾಗಾದರೆ ದುಡ್ಡಿದ್ದವರ ಮಕ್ಕಳು, ಬಿಳಿ ಚರ್ಮದವರು ಬಂದು ಇಲ್ಲಿಯ ವಿಷಯ ಬರೆಯುವುದಕ್ಕೆ ಯಾವ ಅಡ್ಡಿಯೂ ಇಲ್ಲ. ಎಲ್ಲಮ್ಮನ ಜೋಗತಿಯರ ಮೇಲೆ ಅಮೆರಿಕದ ಲುಸಿಂಡಾ ರಾಂಬರ್ಗ್ ಬರೆದ ಪುಸ್ತಕವನ್ನು 2014ರಲ್ಲಿ ಅಲ್ಲಿಯ ಡ್ಯೂಕ್ ವಿಶ್ವವಿದ್ಯಾಲಯ ಪ್ರಕಟಿಸಿತು. ಬರೆಯಲಿ, ಬೇಡ ಎನ್ನುವುದಿಲ್ಲ. ಆದರೆ ಜೋಗತಿಯ ಮೊಮ್ಮಗಳು ಸರ್ಕಾರದ ವೇತನದಲ್ಲಿ ಹೋಗಿ ಅದೇ ವಿಷಯ ಬರೆಯಬಾರದು ಎಂದರೆ ಇದು ಯಾವ ನ್ಯಾಯ ಸ್ವಾಮಿ?

'ಕನ್ನಡದಲ್ಲಿ ಆಗುತ್ತದೆಯೇ? ಯಾರು ಓದುತ್ತಾರೆ?'

ಇವು ಎರಡು ಹಳೇ ಪ್ರಶ್ನೆಗಳು. ಮೊದಲನೆಯದಕ್ಕೆ ಉತ್ತರ ಹಂಪಿಯಲ್ಲಿದೆ. 1991ರಲ್ಲಿ ಹುಟ್ಟಿದ ಕನ್ನಡ ವಿಶ್ವವಿದ್ಯಾಲಯದಲ್ಲಿ ಅಭಿವೃದ್ಧಿ ಅಧ್ಯಯನದ ವಿಭಾಗವೇ ಇದೆ. ಅಲ್ಲಿ ಪ್ರಾಧ್ಯಾಪಕರಾಗಿದ್ದ ಟಿ. ಆರ್. ಚಂದ್ರಶೇಖರ ಅವರು ಪ್ರಾದೇಶಿಕ ಅಸಮಾನತೆ, ಮಾನವ ಅಭಿವೃದ್ಧಿಯ ವಿಷಯಗಳನ್ನು ವರ್ಷಗಟ್ಟಲೆ ಕನ್ನಡದಲ್ಲೇ ಬರೆದಿದ್ದಾರೆ. ಡಿ. ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ರಾಜ್ಯದ 175 ತಾಲೂಕುಗಳಲ್ಲಿ 114 ಹಿಂದುಳಿದಿವೆ ಎಂದು ಹೇಳಿತಲ್ಲ, ಅದರ ಮೇಲಿನ ಚರ್ಚೆಯನ್ನು ನಮ್ಮ ಜನ ಕನ್ನಡದಲ್ಲೇ ಮಾಡಿದರು. ಕನ್ನಡಕ್ಕೆ ಶಕ್ತಿ ಇದೆ. ಇಲ್ಲದ್ದು ನಿಮ್ಮ ವಿಶ್ವಾಸ!

ಎರಡನೆಯದಕ್ಕೆ ಪ್ರೆಸ್ಸಿನವನಾಗಿ ನಾನೇ ಉತ್ತರ ಕೊಡುತ್ತೇನೆ. ನಾಲ್ಕು ನೂರು ಪುಟದ ಪ್ರಬಂಧ ಯಾರೂ ಓದುವುದಿಲ್ಲ, ಒಪ್ಪಿದೆ. ಅದನ್ನು ಅಚ್ಚು ಹಾಕಿ ಎಂದು ನಾನು ಹೇಳುತ್ತಲೂ ಇಲ್ಲ. ಡೆಮಿ ಅಳತೆಯಲ್ಲಿ 64 ಪುಟ, ಅಂದರೆ ನಾಲ್ಕು ಫಾರ್ಮು. ಹದಿನಾರು ಪುಟಕ್ಕೊಂದು ಫಾರ್ಮು. ನಡುವೆ ಎರಡು ಪಿನ್ನು, ಮೇಲೊಂದು ದಪ್ಪ ಕಾಗದದ ರಕ್ಷಾಪುಟ. ಐನೂರು ಪ್ರತಿ ಹಾಕಿಸಲು ನೀವು ವಿದೇಶಕ್ಕೆ ಹೋಗುವ ಒಂದು ವಿಮಾನ ಟಿಕೆಟ್ಟಿನಷ್ಟೂ ಖರ್ಚಾಗುವುದಿಲ್ಲ. ಊರಿನ ಗ್ರಾಮ ಪಂಚಾಯ್ತಿಯ 'ಅರಿವು ಕೇಂದ್ರ'ದ ಮೇಜಿನ ಮೇಲೆ ಅದನ್ನಿಡಿ. ತಮ್ಮೂರಿನ ಹೆಸರಿರುವ, ತಮ್ಮ ಹೊಳೆಯ ಹೆಸರಿರುವ ಪುಸ್ತಕವನ್ನು ಜನ ಓದುತ್ತಾರೋ ಇಲ್ಲವೋ ಆಮೇಲೆ ನೋಡೋಣ. ನಾಲ್ಕಾಣೆಯ ಕರಪತ್ರವನ್ನೂ ಮಡಚಿ ಜೇಬಿನಲ್ಲಿಟ್ಟುಕೊಂಡು ಹೋಗಿ ಕಟ್ಟೆಯ ಮೇಲೆ ಓದುವ ಜನ ನಮ್ಮವರು!

ನಿಪ್ಪಾಣಿಯ ಬೀಡಿ ಕಟ್ಟುವ ತಾಯಿಯ ಮನೆಮಾತು ಮರಾಠಿಯಾದರೆ ಆಕೆಗೊಂದು ಪ್ರತಿ ಮರಾಠಿಯಲ್ಲೂ ಸಿಗಲಿ. ನಮ್ಮ ಜಗಳ ಆ ತಾಯಿಯ ಜೊತೆ ಅಲ್ಲ. ಆಕೆಗೂ ಕೊಡದೆ, ನಮಗೂ ಕೊಡದೆ ಕಪಾಟಿನಲ್ಲಿ ಬೀಗ ಹಾಕುವವರ ಜೊತೆ.

ನಮ್ಮ ಬೇಡಿಕೆಗಳು

ಒಂದು: ಕೇಂದ್ರದ್ದಾಗಲಿ, ರಾಜ್ಯದ 'ಪ್ರಬುದ್ಧ'ದಂಥ ಯೋಜನೆಯದ್ದಾಗಲಿ, ಸರ್ಕಾರದ ಹಣದಲ್ಲಿ ವಿದೇಶಕ್ಕೆ ಹೋಗಿ ಕರ್ನಾಟಕದ ವಿಷಯ ಬರೆದವರು ಪದವಿ ಬಂದ ಒಂದು ವರ್ಷದೊಳಗೆ ಕನ್ನಡದಲ್ಲಿ ಸಣ್ಣ ಪುಸ್ತಕ ಬರೆದುಕೊಡಬೇಕು. ಕರಾರು ಪತ್ರದಲ್ಲೇ ಇದು ಇರಬೇಕು. ಅಚ್ಚಿನ ಖರ್ಚು ಸರ್ಕಾರದ್ದು.

ಎರಡು: ಸಂಶೋಧನಾ ವೀಸಾದಲ್ಲಿ ಬರುವ ವಿದೇಶಿಯರಿಗೆ ಇಲ್ಲಿಯ ಒಂದು ಸಂಸ್ಥೆಯ ಒಪ್ಪಿಗೆ ಪತ್ರ ಬೇಕು. ಆ ಪತ್ರ ಕೊಡುವ ನಮ್ಮ ವಿಶ್ವವಿದ್ಯಾಲಯಗಳು ಕನ್ನಡ ಸಾರಾಂಶದ ಷರತ್ತು ಹಾಕಲಿ. ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಇದನ್ನು ಮೊದಲು ಮಾಡಿ ತೋರಿಸಲಿ.

ಮೂರು: 2022ರ ಆ ಷರತ್ತು ತೊಲಗಬೇಕು. ನಮ್ಮ ಮಕ್ಕಳಿಗೆ ನಮ್ಮ ಕತೆ ಬರೆಯುವ ಹಕ್ಕು ಬೇಕು.

ನಾಲ್ಕು: ದುಭಾಷಿ ಹುಡುಗರಿಗೆ ಸರಿಯಾದ ಕೂಲಿ, ಪ್ರಬಂಧದಲ್ಲಿ ಸರಿಯಾದ ಹೆಸರು.

ಇನ್ನು ನಿಮಗೆ, ಹೋಗುವವರಿಗೆ

ಅಪ್ಪನ ಹೊಲ ಅಡವಿಟ್ಟು ಡಾಕ್ಟರೇಟಿಗೆ ಹೋಗಬೇಡಿ! ಬ್ರಿಟನ್ನಿನಲ್ಲಿ ಪರದೇಶಿ ವಿದ್ಯಾರ್ಥಿಯ ಬೋಧನಾ ಶುಲ್ಕವೇ ವರ್ಷಕ್ಕೆ 20 ಸಾವಿರ ಪೌಂಡ್ ಮುಟ್ಟುವುದು, ದಾಟುವುದು ಸಾಮಾನ್ಯ. ಅದು ಮೂರು ನಾಲ್ಕು ವರ್ಷದ ಮಾತು. ವೇತನ ಸಿಕ್ಕರೆ ಮಾತ್ರ ಹೆಜ್ಜೆ ಇಡಿ. ಮಾರ್ಗದರ್ಶಕರಿಗೆ ನೀವೇ ನೇರವಾಗಿ ಪತ್ರ ಬರೆಯಿರಿ. ಅದಕ್ಕೆ ಏಜೆಂಟನ ಕೈ ಬಿಸಿ ಮಾಡಬೇಕಾಗಿಲ್ಲ.

ಹೊರಡುವ ಮುನ್ನ ಒಂದು ವಹಿ ಮಾಡಿ. ಊರಿನಲ್ಲಿ ನೀರಿಗೆ, ಸಾಲಕ್ಕೆ, ಕೂಲಿಗೆ, ಬರಕ್ಕೆ ಜನ ಬಳಸುವ ಮಾತು ಬರೆದಿಟ್ಟುಕೊಳ್ಳಿ. ಕೈಗಡ, ಲಾವಣಿ, ಉಚಲ್, ಮುಯ್ಯಾಳು... ಇವುಗಳಿಗೆ ಇಂಗ್ಲಿಷಿನಲ್ಲಿ ಮಾತು ಸಿಗದೆ ಅಲ್ಲಿಯ ಪ್ರೊಫೆಸರರೇ ನಿಮ್ಮನ್ನು ಕೇಳುವ ದಿನ ಬರುತ್ತದೆ. ಫೀಲ್ಡಿಗೆ ಬಂದಾಗ ಊರ ಕಟ್ಟೆಯ ಮೇಲೆ ಕುಳಿತು, ನಾನು ಬರೆಯುವುದು ಇದು ಎಂದು ಕನ್ನಡದಲ್ಲಿ ಹೇಳಿ. ಪದವಿ ಸಿಕ್ಕ ಮೇಲೆ ಅದೇ ಕಟ್ಟೆಗೆ ಬಂದು, ಬರೆದದ್ದು ಇದು ಎಂದು ಓದಿ ಹೇಳಿ. ಜನ ತಿದ್ದಿದರೆ ತಿದ್ದಿಕೊಳ್ಳಿ. ಹೇಗ್‌ನ ಪರೀಕ್ಷಕರಿಗಿಂತ ಕಠಿಣ ಪರೀಕ್ಷಕರು ಅಲ್ಲಿ ಕುಳಿತಿರುತ್ತಾರೆ!

ಗಡಿಯ ಕನ್ನಡ ಬರೀ ಬೋರ್ಡಿನ ಬಣ್ಣದಿಂದ ಉಳಿಯುವುದಿಲ್ಲ. ನಮ್ಮ ಬದುಕಿನ ಅರಿವು ನಮ್ಮ ಭಾಷೆಯಲ್ಲಿ ಅಚ್ಚಾದ ದಿನ ಅದು ಗಟ್ಟಿಯಾಗುತ್ತದೆ. ನೀವು ಬರೆದು ತನ್ನಿ, ನಾವು ಅಚ್ಚು ಹಾಕುತ್ತೇವೆ!

ಸಿರಿಗನ್ನಡಂ ಗೆಲ್ಗೆ!